ರಾಣಿ ನೋಡದ ದಿಕ್ಕು

ಬಹಳ ಹಿಂದೆ, ಬೆಟ್ಟಗಳು ಮಾತಾಡುತ್ತಿದ್ದ ಕಾಲ ಮುಗಿದು ಇನ್ನೂ ಹೆಚ್ಚು ದಿನವಾಗಿರದಿದ್ದಾಗ, ದರ್ಭಾವತಿ ಎಂಬ ಒಂದು ರಾಜ್ಯವಿತ್ತು. ಕೋಟೆಯ ಬಾಗಿಲು ದಾಟಿದರೆ ಮೂರು ದಿನದ ದಾರಿಯವರೆಗೂ ಅಲ್ಲಿ ಹುಲ್ಲೇ ಹುಲ್ಲು. ಅದಕ್ಕೆ ಹೆಬ್ಬಯಲು ಎಂದು ಹೆಸರು. ಹೆಬ್ಬಯಲಿನಲ್ಲಿ ಜಿಂಕೆಗಳಿದ್ದವು. ಜಿಂಕೆಗಳಿದ್ದ ಮೇಲೆ ತೋಳಗಳೂ ಇದ್ದವು. ಇವೆರಡರ ನಡುವೆ ಕುರಿ ಕಾಯುವವರು ಇದ್ದರು, ಅವರು ಇಬ್ಬರ ಗುಣವನ್ನೂ ಬಲ್ಲವರಾಗಿದ್ದರು.

ಆ ರಾಜ್ಯದ ದೊರೆ ಮಕುಟವರ್ಮ. ಒಳ್ಳೆಯವನೇ, ಪ್ರಜೆಗಳನ್ನು ಹಿಂಸಿಸಿದವನಲ್ಲ. ಆದರೆ ಅವನಿಗೆ ಗಾಂಭೀರ್ಯದ ಹುಚ್ಚು. ಮಲಗುವಾಗಲೂ ಕಿರೀಟ ತೆಗೆಯುತ್ತಿರಲಿಲ್ಲ. ಅವನ ಸಭೆಯಲ್ಲಿ ಯಾರೂ ನಗುವಂತಿರಲಿಲ್ಲ, ಸೀನು ಬಂದರೂ ಅಪ್ಪಣೆ ಕೇಳಿ ಸೀನಬೇಕಿತ್ತು. ಅವನ ರಾಣಿ ಇಂದುಕಲೆ, ಮೆಲುಮಾತಿನವಳು. ಅವರಿಗೆ ಒಬ್ಬಳೇ ಮಗಳು, ಆರು ವರ್ಷದ ಕಿಂಕಿಣಿ. ಈ ಹುಡುಗಿಗೆ ನಗು ತಡೆಯಲು ಬರುತ್ತಿರಲಿಲ್ಲ. ಇಡೀ ಅರಮನೆಯ ಪಾಲಿನ ನಗುವನ್ನು ಅವಳೊಬ್ಬಳೇ ನಕ್ಕು ಮುಗಿಸುತ್ತಿದ್ದಳು.

ಹೆಬ್ಬಯಲಿನ ಅಂಚಿನ ಗವಿಯಲ್ಲಿ ಕರಾಳಕೇತು ಎಂಬ ಮಾಂತ್ರಿಕ ವಾಸವಾಗಿದ್ದ. ಅವನು ಎಲ್ಲಿಂದ ಬಂದ, ಯಾರ ಹತ್ತಿರ ವಿದ್ಯೆ ಕಲಿತ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ವರ್ಷಕ್ಕೊಮ್ಮೆ ಅವನು ಅರಮನೆಗೆ ಬಂದು ಶಾಲು ಹೊದಿಸಿಕೊಂಡು ಹಾರ ಹಾಕಿಸಿಕೊಂಡು ಹೋಗುತ್ತಿದ್ದ. ಒಂದು ವರ್ಷ ಹೀಗೆ ಬಂದಾಗ ಅವನ ಮೊಂಡು ಗಡ್ಡದಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡಿತ್ತು. ಅವನು ಮಂತ್ರ ಹೇಳಿದಂತೆಲ್ಲ ಗಡ್ಡ ಮೇಲೆ ಕೆಳಗೆ ಆಡುತ್ತಿತ್ತು, ಕಡ್ಡಿಯೂ ಆಡುತ್ತಿತ್ತು. ಸಭೆಯವರೆಲ್ಲ ತುಟಿ ಕಚ್ಚಿಕೊಂಡು ನೆಲ ನೋಡಿದರು. ಕಿಂಕಿಣಿ ಮಾತ್ರ ಬೆರಳು ತೋರಿಸಿ, "ಅಮ್ಮಾ, ನೋಡಿಲ್ಲಿ, ಹೋತ ಬಂದಿದೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕರಾಳಕೇತುವಿನ ಮುಖ ಕಪ್ಪಿಟ್ಟಿತು. ಮಗುವಿನ ಒಂದು ಮಾತಿಗೆ ದೊಡ್ಡ ಮನುಷ್ಯ ಅಷ್ಟೇಕೆ ಉರಿದು ಬೀಳಬೇಕು ಎಂದು ಆಗ ಯಾರೂ ಯೋಚಿಸಲಿಲ್ಲ. ಅವನು ಜೋಳಿಗೆಯಿಂದ ಒಂದು ಹಿಡಿ ಬೂದಿ ತೆಗೆದು ಎರಚಿದ. ಕಿಂಕಿಣಿ ನಿಂತಿದ್ದ ಜಾಗದಲ್ಲಿ ಒಂದು ಜಿಂಕೆಮರಿ ನಿಂತಿತ್ತು.

ಶಾಪಕ್ಕೆ ಒಂದು ಗಡುವು ಇರಲೇಬೇಕು, ಇಲ್ಲದಿದ್ದರೆ ಅದು ಹಿಡಿಯುವುದಿಲ್ಲ. ಕರಾಳಕೇತು ಗಡುವು ಹೇಳಿದ. ತನ್ನ ಬಳಿ ಹೊಂಚ, ದೌಡ, ಮಳ್ಳ ಎಂಬ ಮೂರು ತೋಳಗಳಿವೆ. ನಾಳೆಯಿಂದ ದಿನಕ್ಕೊಂದರಂತೆ ಅವು ಈ ಮರಿಯ ಬೇಟೆಗೆ ಬರುತ್ತವೆ. ಬಾಣ ಬಿಟ್ಟರೆ ಬಾಣ ಹುಲ್ಲುಕಡ್ಡಿಯಾಗಿ ಉದುರುತ್ತದೆ, ಗೋಡೆ ಕಟ್ಟಿದರೆ ಗೋಡೆಯೊಳಗಿಂದಲೇ ನಡೆದು ಬರುತ್ತವೆ. ಒಂದೊಂದಕ್ಕೆ ಒಂದೊಂದೇ ಬೇಟೆಯ ವಿದ್ಯೆ ಗೊತ್ತು, ಆ ವಿದ್ಯೆ ಸೋತ ದಿನ ಅದರ ಮಂತ್ರವೂ ಸೋತಂತೆ. ಮೂರನೆಯ ದಿನದ ಸೂರ್ಯ ಮುಳುಗುವವರೆಗೆ ಮರಿ ಬದುಕಿದ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಇಷ್ಟು ಹೇಳಿ ಅವನು ಶಾಲು ಕೊಡವಿಕೊಂಡು ಹೊರಟುಹೋದ.

ಅರಮನೆಯ ನುಣುಪು ನೆಲದ ಮೇಲೆ ಮರಿಯ ಗೊರಸು ನಿಲ್ಲಲಿಲ್ಲ. ನಾಲ್ಕು ಸಲ ಜಾರಿ ಬಿದ್ದು, ಐದನೆಯ ಸಲ ಎದ್ದು, ತೆರೆದ ಬಾಗಿಲಿಂದ ಹೆಬ್ಬಯಲಿಗೆ ಓಡಿತು. ರಾಜ ಸೈನ್ಯವನ್ನು ಕರೆದುಕೊಂಡು ಹಿಂದೆಯೇ ಧಾವಿಸಿದ. ಮರಿ ಹುಲ್ಲಿನಲ್ಲಿ ಮಲಗಿದ ಜಾಗ ಕಂಡುಹಿಡಿದು ಸುತ್ತಲೂ ಸಾವಿರ ಜನ ಸೈನಿಕರನ್ನು ನಿಲ್ಲಿಸಿದ. ಈಟಿ ನೆಡಿಸಿದ, ಬಾವುಟ ಹಾರಿಸಿದ, ಮರಿಗೆ ಬಿಸಿಲು ತಾಗದಿರಲೆಂದು ಬಿಳಿ ಕೊಡೆಯನ್ನೂ ಹಿಡಿಸಿದ. ರಾಜರಿಗೆ ಪ್ರೀತಿ ಬಂದರೆ ಕಾವಲು ಹಾಕುತ್ತಾರೆ, ಅವರಿಗೆ ತಿಳಿದಿರುವುದು ಅಷ್ಟೇ.

ಅಲ್ಲೇ ಸ್ವಲ್ಪ ದೂರದಲ್ಲಿ ಜಕ್ಕವ್ವ ಎಂಬ ತರುಣಿ ಕುರಿ ಮೇಯಿಸುತ್ತಿದ್ದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಾಯಲ್ಲಿ ಯಾವಾಗಲೂ ಒಂದು ಕೊಂಕು ಮಾತು. ಸಾವಿರ ಈಟಿಯ ನಡುವೆ ಬಿಳಿ ಕೊಡೆಯನ್ನು ಕಂಡು ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಸೈನಿಕರು ಅವಳನ್ನು ರಾಜನೆದುರು ತಂದು ನಿಲ್ಲಿಸಿದರು.

"ತಪ್ಪಾತು ದೊರೆಗಳ," ಎಂದಳು ಜಕ್ಕವ್ವ. "ಆದ್ರ ಚಿಗರಿ ಮರಿ ಎಲ್ಲೈತಿ ಅಂತ ತ್ವಾಳಕ್ಕ ನೀವ ಡಂಗುರ ಸಾರಿದಂಗ ಆತಲ್ಲ. ಕುರುಡ ತ್ವಾಳನೂ ನೆಟ್ಟಗ ಇಲ್ಲಿಗೇ ಬರತೈತಿ."

ರಾಜ ಸಿಟ್ಟಿನಿಂದ ಕಿರೀಟ ಸರಿಪಡಿಸಿಕೊಂಡ. ಆದರೆ ಜೊತೆಗೇ ಬಂದಿದ್ದ ರಾಣಿ ಇಂದುಕಲೆ ಮುಂದೆ ಬಂದು, ನಡೆದದ್ದನ್ನೆಲ್ಲ ಹೇಳಿ, ಹಾಗಾದರೆ ಏನು ಮಾಡಬೇಕು ಎಂದು ಕೇಳಿದಳು. ಜಕ್ಕವ್ವನ ದನಿ ಮೆತ್ತಗಾಯಿತು.

"ತಾಯಿ, ತ್ವಾಳ ಮರೀನ ಹುಡುಕಂಗಿಲ್ಲ. ಹುಲ್ಲಾಗ ಮಲಗಿದ ಮರಿ ಅದರ ಕಣ್ಣಿಗೆ ಬೀಳಂಗಿಲ್ಲ, ಮೂಗಿಗೂ ಸಿಗಂಗಿಲ್ಲ. ಅದು ದೂರ ಕುಂತು ಅವ್ವ ಚಿಗರಿ ಕಣ್ಣ ನೋಡತೈತಿ. ಆಕಿ ಎತ್ತಾಗ ಹೊಳ್ಳಿ ಹೊಳ್ಳಿ ನೋಡತಾಳ, ಮರಿ ಅಲ್ಲೈತಿ ಅಂತ ಅದಕ್ಕ ಗೊತ್ತು. ಅದಕ್ಕ ಶಾಣ್ಯಾ ಚಿಗರಿ ಮರೀನ ಮಲಗಿಸಿ ದೂರ ಹೋಗಿ ಮೇಯತಾಳ. ಮುಂಜಾನಿ ಒಮ್ಮಿ, ಸಂಜಿಗೊಮ್ಮಿ ಬಂದು ಹಾಲು ಕುಡಸತಾಳ. ನಡುವ ಆ ಕಡಿಗೆ ಕಣ್ಣೂ ಹಾಯಿಸಂಗಿಲ್ಲ."

"ಇಡೀ ದಿನ ಮಗಳನ್ನು ನೋಡಬಾರದೇ?" ಎಂದಳು ರಾಣಿ.

"ಒಂದ ಸಲ ನೋಡಿದ್ರೂ ಮರಿ ಹೋತು ತಾಯಿ."

ರಾಜ ಬೇಡವೆಂದ. ಸಾವಿರ ಸೈನಿಕರನ್ನು ಬಿಟ್ಟು ಒಬ್ಬ ಕುರಿಯವಳ ಮಾತು ಕೇಳುವುದೇ ಎಂದ. ರಾಣಿ ಮದುವೆಯಾದಂದಿನಿಂದ ಮೊದಲ ಸಲ ಅವನ ಮಾತು ಮೀರಿದಳು. ಸೈನ್ಯವನ್ನು ದೂರ ಕಳಿಸಿದಳು. ಮೈಯಿಂದ ಗಂಧ, ಮುಡಿಯಿಂದ ಹೂವು, ಕಾಲಿಂದ ಗೆಜ್ಜೆ ಎಲ್ಲ ತೆಗೆದಳು. ಜಕ್ಕವ್ವ ಕೊಟ್ಟ ಕುರಿವಾಸನೆಯ ಕಂಬಳಿ ಹೊದ್ದಳು. ರಾಜನಿಗೆ, ನೀವು ಅರಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳಿ ಎಂದಳು. ಪಾಪ, ಅವನು ಹೋಗಿ ಕುಳಿತ.

ಮೊದಲ ದಿನದ ಸೂರ್ಯ ಹುಟ್ಟಿದ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಹೊಂಚ ಬಂತು.

ಕರಿಯ ಬೆನ್ನಿನ, ಹಳದಿ ಕಣ್ಣಿನ ದೊಡ್ಡ ತೋಳ ಅದು. ಬಯಲಿನ ನಡುವೆ ಒಂದು ಎತ್ತರದ ಹುತ್ತವಿತ್ತು, ಅದರ ಮೇಲೇರಿ ಕುಳಿತುಕೊಂಡಿತು. ಹುಲ್ಲು ಹುಡುಕಲಿಲ್ಲ, ನೆಲ ಮೂಸಲಿಲ್ಲ. ಕುರಿಗಳ ನಡುವೆ ಕಂಬಳಿ ಹೊದ್ದು ಕುಳಿತ ರಾಣಿಯ ಕಣ್ಣನ್ನೇ ನೋಡಿತು. ಅದು ತೋಳದ ಮೊದಲ ವಿದ್ಯೆ.

ಮರಿ ಮಲಗಿದ್ದು ರಾಣಿಯ ಬಲಗಡೆ, ಕೂಗಳತೆಯ ದೂರದಲ್ಲಿ. ಅವಳು ಎಡಗಡೆಯ ಗುಡ್ಡ ನೋಡಿದಳು, ಮುಂದಿನ ಕೆರೆ ನೋಡಿದಳು, ಮೋಡ ನೋಡಿದಳು, ಕುರಿಗಳ ಕಿವಿ ನೋಡಿದಳು. ಕಣ್ಣಿಗೆ ಕೆಲಸವಿರಲಿ ಎಂದು ಜಕ್ಕವ್ವ ಅವಳ ಕೈಗೆ ಉಣ್ಣೆ ಕೊಟ್ಟು ನೂಲಲು ಕಲಿಸಿದಳು. ನೂಲು ಹತ್ತು ಸಲ ಹರಿಯಿತು, ರಾಣಿ ಹತ್ತು ಸಲ ಗಂಟು ಹಾಕಿದಳು. ಮೊದಲ ತಾಸು ಕಷ್ಟವಾಯಿತು. ಎರಡನೆಯ ತಾಸು ಇನ್ನೂ ಕಷ್ಟವಾಯಿತು. ಬಲಗಡೆಯ ಕತ್ತಿನ ನರ ತಾನಾಗಿಯೇ ಎಳೆಯುತ್ತಿತ್ತು. ಜಗತ್ತಿನಲ್ಲಿ ಇರುವುದು ಅದೊಂದೇ ದಿಕ್ಕು ಎಂದು ಅವಳಿಗೆ ಅನ್ನಿಸಿತು, ಅದೊಂದನ್ನೇ ಬಿಟ್ಟು ಅವಳು ಉಳಿದದ್ದನ್ನೆಲ್ಲ ನೋಡಿದಳು.

ನಡುಮಧ್ಯಾಹ್ನ ಮರಿ ಬಾಯಾರಿ ಒಮ್ಮೆ ಕೂಗಿತು. ಸಣ್ಣ ಕೂಗು, ಗಾಳಿ ಬೀಸುತ್ತಿದ್ದುದರಿಂದ ಯಾವ ಕಡೆಯಿಂದ ಬಂತೆಂದು ತಿಳಿಯುವಂತಿರಲಿಲ್ಲ. ಹೊಂಚ ಕಿವಿ ನಿಮಿರಿಸಿ ರಾಣಿಯತ್ತ ಬಗ್ಗಿತು. ರಾಣಿಯ ಎದೆ ಬಲಕ್ಕೆ ಹಾರಿತು. ಆದರೆ ಅವಳು ಎದ್ದು ಎಡಕ್ಕೆ ಓಡಿದಳು. ಎಡಗಡೆಯ ಒಂದು ಪೊದೆಯ ಮುಂದೆ ಕುಸಿದು, ಅದನ್ನೇ ನೋಡುತ್ತ, "ಸುಮ್ಮನಿರು ಕಂದ," ಎಂದು ಅತ್ತಳು. ಅಳು ಮಾತ್ರ ನಿಜವಾಗಿತ್ತು.

ಹೊಂಚ ಹುತ್ತದಿಂದ ಹಾರಿ ಆ ಪೊದೆಯ ಮೇಲೆ ಎರಗಿತು. ಪೊದೆಯಲ್ಲಿ ಮುಳ್ಳಿತ್ತು, ಬೇರೇನೂ ಇರಲಿಲ್ಲ. ಕಣ್ಣನ್ನು ನಂಬಿ ಮೋಸಹೋದ ಕೂಡಲೇ ಅದರ ಮಂತ್ರ ಕಳಚಿತು. ಮೂತಿಯಲ್ಲಿ ಮುಳ್ಳು ಚುಚ್ಚಿಸಿಕೊಂಡ ಒಂದು ಸಾಧಾರಣ ತೋಳ ನಾಚಿಕೊಂಡು ಹುಲ್ಲಿನೊಳಗೆ ಹೊರಟುಹೋಯಿತು.

ಎರಡನೆಯ ದಿನದ ಸೂರ್ಯ ಹುಟ್ಟಿದ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ದೌಡ ಬಂತು.

ಅದು ಬರುವಾಗ ಒಂದಾಗಿತ್ತು, ಮೈ ಕೊಡವಿದ ಮೇಲೆ ಏಳಾಯಿತು. ಏಳು ಮೈ, ಇಪ್ಪತ್ತೆಂಟು ಕಾಲು. ಆರು ಬಯಲಿನ ಸುತ್ತ ಆರು ಕಡೆ ಹೋಗಿ ಹುಲ್ಲಿನಲ್ಲಿ ಅಡಗಿದವು. ಏಳನೆಯದು ಊಳಿಡುತ್ತ ಹುಲ್ಲನ್ನೆಲ್ಲ ತುಳಿಯತೊಡಗಿತು, ಮರಿ ಬೆದರಿ ಎದ್ದು ಓಡಲಿ ಎಂದು.

ಜಕ್ಕವ್ವನಿಗೆ ಇದು ಹಿಂದಿನ ಸಂಜೆಯೇ ಗೊತ್ತಿತ್ತು. ಅಟ್ಟಿಸಿಕೊಂಡು ಹೋದರೆ ಜಿಂಕೆ ದಿಕ್ಕೆಟ್ಟು ಓಡುವುದಿಲ್ಲ, ತನ್ನ ಜಾಗ ಬಿಡಲಾರದೆ ದೊಡ್ಡ ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತದೆ ಎಂದು ಅವಳು ರಾಣಿಗೆ ತಿಳಿಸಿ ಹೇಳಿದ್ದಳು. ತೋಳ ಆ ಸುತ್ತಿನ ಮೇಲೆಯೇ ಸರದಿಯಂತೆ ಕುಳಿತಿರುತ್ತದೆ. ಒಂದು ಸುಸ್ತಾದಾಗ ಇನ್ನೊಂದು ಎದ್ದು ಅಟ್ಟುತ್ತದೆ. ಬೆನ್ನಟ್ಟುವ ಕಾಲು ಹೊಸದು, ಓಡುವ ಕಾಲು ಅದೇ ಹಳೆಯದು. ಅದು ತೋಳದ ಎರಡನೆಯ ವಿದ್ಯೆ. ಸುತ್ತು ಬಿಡಿಸಿ ನೆಟ್ಟಗೆ ಓಡಿಸಿದರೆ ಮರಿ ಉಳಿಯುತ್ತದೆ, ಆದರೆ ಜಿಂಕೆಯಾದದ್ದು ನೆಟ್ಟಗೆ ಓಡುವುದಿಲ್ಲ.

"ಅವಳು ಜಿಂಕೆಯಾಗಿರುವುದು ಮೈಯಲ್ಲಿ ಮಾತ್ರ," ಎಂದಿದ್ದಳು ರಾಣಿ. "ನಾನು ಕರೆದರೆ ಬರುತ್ತಾಳೆ."

ಹಾಗಾಗಿ ಅಂದು ರಾಜನಿಗೂ ಒಂದು ಕೆಲಸ ಸಿಕ್ಕಿತು. ರಾಜ್ಯದಲ್ಲಿ ಅವನ ಕುದುರೆಯಷ್ಟು ವೇಗದ ಕುದುರೆ ಇರಲಿಲ್ಲ. ಅವನು ರಾಣಿಯನ್ನು ಬೆನ್ನ ಹಿಂದೆ ಕೂರಿಸಿಕೊಂಡು ಬಯಲಿನ ಪಡುವಣ ಅಂಚಿನಲ್ಲಿ ಕಾದು ನಿಂತ. ಮರಿ ಎದ್ದು ಓಡಿತು, ಏಳನೆಯ ತೋಳ ಹಿಂದೆ ಬಿತ್ತು. ಮರಿ ಬಲಕ್ಕೆ ಬಾಗಿ ಸುತ್ತು ಹಿಡಿಯುವ ಹೊತ್ತಿಗೆ ರಾಣಿ ಕೂಗಿದಳು. ದಿನವೂ ಮಗಳನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳೋ ಹಾಗೆಯೇ, "ಕಿಂಕಿಣೀ, ಅನ್ನ ಆರುತ್ತೆ ಬಾ," ಎಂದಳು. ತಿರುಗಿ ನೋಡಲಿಲ್ಲ, ಮುಂದಕ್ಕೆ ಮುಖ ಮಾಡಿಯೇ ಕರೆದಳು.

ಮರಿ ಸುತ್ತು ಬಿಟ್ಟಿತು. ರಾಜ ಕುದುರೆಯನ್ನು ಪಡುವಣಕ್ಕೆ ಬಿಟ್ಟ, ಮರಿ ಕುದುರೆಯ ಹಿಂದೆ, ತೋಳ ಮರಿಯ ಹಿಂದೆ. ಹೀಗೆ ಒಂದು ಹರದಾರಿ ಹೋದರು, ಎರಡು ಹರದಾರಿ ಹೋದರು, ಮೂರನೆಯದರಲ್ಲಿ ತೋಳ ನಾಲಿಗೆ ಚಾಚಿ ನೆಲಕ್ಕೆ ಒರಗಿತು. ಉಳಿದ ಆರು ಏನು ಮಾಡುತ್ತಿದ್ದವು ಎಂದರೆ, ಕಾಯುತ್ತಿದ್ದವು. ಸರದಿ ಬರುವವರೆಗೆ ಏಳುವಂತಿರಲಿಲ್ಲ, ಸರದಿ ಬರಲೇ ಇಲ್ಲ. ಸಂಜೆಯವರೆಗೆ ಹುಲ್ಲಿನಲ್ಲಿ ಕುಳಿತು ಕುಳಿತು ಕಾಲು ಜೋಮು ಹಿಡಿದ ಮೇಲೆ ಏಳೂ ಮತ್ತೆ ಒಂದಾಗಿ, ಮಂತ್ರ ಕಳೆದುಕೊಂಡು, ಕುಂಟುತ್ತ ಗವಿಯ ವಿರುದ್ಧ ದಿಕ್ಕಿಗೆ ಹೋಯಿತು.

ಅಂದು ಸಂಜೆ ರಾಣಿ ಕಣ್ಣು ಮುಚ್ಚಿಕೊಂಡು ಮರಿಗೆ ಕುರಿಯ ಹಾಲು ಕುಡಿಸಿದಳು. ನೋಡಿಬಿಟ್ಟರೆ ಮರುದಿನ ನೋಡದೆ ಇರಲಾರೆ ಎಂದು ಅವಳಿಗೆ ಭಯವಾಗಿತ್ತು. ಕೈಗೆ ಮರಿಯ ಒದ್ದೆ ಮೂಗು ತಾಗಿತು, ಅಷ್ಟರಲ್ಲೇ ತೃಪ್ತಿಪಟ್ಟುಕೊಂಡಳು.

ಮೂರನೆಯ ದಿನದ ಸೂರ್ಯ ಹುಟ್ಟಿದ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಮಳ್ಳ ಬರಲಿಲ್ಲ.

ಹೊತ್ತು ಏರಿತು, ನೆತ್ತಿಗೆ ಬಂತು, ಇಳಿಯತೊಡಗಿತು. ಸೂರ್ಯ ಗುಡ್ಡದಿಂದ ನಾಲ್ಕು ಮಾರು ಮೇಲಿದ್ದಾಗ, ಎಲ್ಲರಿಗೂ ಸ್ವಲ್ಪ ಧೈರ್ಯ ಬಂದಾಗ, ಒಂದು ಬಡಕಲು ತೋಳ ಕುಂಟುತ್ತ ಬಂತು. ಯಾರ ಕಡೆಗೂ ನೋಡಲಿಲ್ಲ. ಬಯಲಿನ ನಡುವೆ ನಿಂತು ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಸುತ್ತಿತು. ಬಿದ್ದಿತು. ಎದ್ದು ಮತ್ತೆ ಸುತ್ತಿತು. ಬೆನ್ನ ಮೇಲೆ ಮಲಗಿ ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿ ತುಳಿಯಿತು. ಕಾವಲಿಗೆ ದೂರ ನಿಂತಿದ್ದ ಸೈನಿಕರ ಬಾಯಿಯೂ ಅಗಲವಾಯಿತು, ರಾಜನ ಭಯಕ್ಕೆ ಮತ್ತೆ ಮುಚ್ಚಿಕೊಂಡಿತು.

ಹುಲ್ಲಿನಲ್ಲಿ ಎರಡು ಕಿವಿ ಮೇಲೆದ್ದವು. ಜಿಂಕೆಗೆ ಹೆದರಿಕೆ ದೊಡ್ಡದು, ಆದರೆ ಅದೇನೆಂದು ನೋಡುವ ಆಸೆ ಅದಕ್ಕಿಂತ ದೊಡ್ಡದು. ಓಡಿಹೋದ ಜಿಂಕೆಯೂ ನಿಂತು ಒಮ್ಮೆ ಹಿಂದಿರುಗಿ ನೋಡುತ್ತದೆ. ಹುಚ್ಚಾಟವಾಡಿ ಜಿಂಕೆಯನ್ನು ತಾನಾಗಿಯೇ ಹತ್ತಿರ ಬರಿಸುವುದು ತೋಳದ ಮೂರನೆಯ ವಿದ್ಯೆ. ಕಿಂಕಿಣಿಯಂಥ ನಗುವ ಹುಡುಗಿಗೆ ಅದಕ್ಕಿಂತ ಬೇರೆ ವಿದ್ಯೆ ಬೇಕೇ? ಮರಿ ಎದ್ದು ನಿಂತಿತು. ಒಂದು ಹೆಜ್ಜೆ ಇಟ್ಟಿತು. ಮಳ್ಳ ಇನ್ನೂ ಜೋರಾಗಿ ಹೊರಳಿತು. ಮರಿ ಇನ್ನೂ ಹತ್ತು ಹೆಜ್ಜೆ ಇಟ್ಟಿತು.

ರಾಣಿ ಕರೆದಳು. ಮರಿ ಕಿವಿ ಆಡಿಸಿತೇ ಹೊರತು ತಿರುಗಲಿಲ್ಲ. ಆಟದಲ್ಲಿರುವ ಮಗುವನ್ನು ಊಟಕ್ಕೆ ಕರೆದವರಿಗೆ ಇದು ಗೊತ್ತಿರುತ್ತದೆ.

"ಓಡಿ ಹೋದ್ರ ತ್ವಾಳ ಹಾರತೈತಿ," ಎಂದಳು ಜಕ್ಕವ್ವ. "ಅದಕ್ಕಿಂತ ನಗಿ ಬರೋದು ಏನರೆ ಈ ಕಡಿ ಇರಬೇಕು. ಆಕಿಗೆ ಭಾಳ ನಗಿ ಬರೋದು ಯಾವುದಕ್ಕ?"

ರಾಜನಿಗೆ ಗೊತ್ತಿರಲಿಲ್ಲ. ಮಗಳು ನಕ್ಕಾಗಲೆಲ್ಲ ಅವನು ಸುಮ್ಮನಿರು ಎಂದಿದ್ದನೇ ಹೊರತು ಯಾಕೆ ನಕ್ಕೆ ಎಂದು ಕೇಳಿರಲಿಲ್ಲ. ರಾಣಿ ಹೇಳಿದಳು, "ಹೋತಕ್ಕೆ."

ಜಕ್ಕವ್ವನ ಮಂದೆಯಲ್ಲಿ ಕುರಿಗಳಿದ್ದವು, ಹೋತ ಒಂದೂ ಇರಲಿಲ್ಲ. ರಾಜ ಒಮ್ಮೆ ತನ್ನ ಸಾವಿರ ಸೈನಿಕರ ಕಡೆ ನೋಡಿದ. ಒಮ್ಮೆ ಮರಿಯ ಕಡೆ ನೋಡಿದ. ಮರಿಗೂ ತೋಳಕ್ಕೂ ನಡುವೆ ಇಪ್ಪತ್ತು ಹೆಜ್ಜೆಯಿತ್ತು. ಅವನು ಕಿರೀಟ ತೆಗೆದು ಹುಲ್ಲಿನ ಮೇಲಿಟ್ಟ.

ಮಕುಟವರ್ಮ ಮಹಾರಾಜ ನಾಲ್ಕು ಕಾಲಿನ ಮೇಲೆ ನಿಂತ. ಸೊಂಟದ ಜರಿ ವಸ್ತ್ರವನ್ನು ಗದ್ದಕ್ಕೆ ಗಡ್ಡವಾಗಿ ಕಟ್ಟಿಕೊಂಡ. ಮ್ಯಾ ಎಂದ. ಮೊದಲ ಸಲ ಗಂಭೀರವಾಗಿಯೇ ಎಂದ, ಅಭ್ಯಾಸ ಬಿಡಬೇಕಲ್ಲ. ಎರಡನೆಯ ಸಲ ಸ್ವಲ್ಪ ಚೆನ್ನಾಗಿ ಬಂತು. ಮೂರನೆಯ ಸಲ ಹಿಂದಿನ ಎರಡು ಕಾಲಿನ ಮೇಲೆ ಎದ್ದು ಸೇನಾಪತಿಯ ಗುರಾಣಿಗೆ ತಲೆಯಿಂದ ಗುದ್ದಿದ, ಗುದ್ದಿ ತಾನೇ ಹಿಂದಕ್ಕೆ ಪಲ್ಟಿ ಹೊಡೆದ. ಸೈನಿಕರಿಗೆ ಇನ್ನು ತಡೆಯಲಾಗಲಿಲ್ಲ. ಹನ್ನೆರಡು ವರ್ಷದಿಂದ ಅವರ ಹೊಟ್ಟೆಯಲ್ಲಿ ಸೇರಿಕೊಂಡಿದ್ದ ನಗು ಒಟ್ಟಿಗೆ ಹೊರಬಿತ್ತು.

ಮರಿ ತಿರುಗಿತು. ತೋಳಕ್ಕೆ ಬೆನ್ನು ಹಾಕಿ, ಕುಣಿಯುತ್ತ ಬಂದು, ತಂದೆಯ ಸುಳ್ಳು ಗಡ್ಡವನ್ನು ಮೂಸಿತು. ರಾಜ ಎರಡೂ ಕೈಯಿಂದ ಅದನ್ನು ತಬ್ಬಿಕೊಂಡ. ದೂರದಲ್ಲಿ ಮಳ್ಳ ಇನ್ನೊಮ್ಮೆ ಹೊರಳಿ ನೋಡಿತು. ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ತಿಳಿದಾಗ ಅದರ ಮಂತ್ರ ಕಳಚಿತು, ಅದೂ ತನ್ನ ಪಾಡಿಗೆ ಎದ್ದುಹೋಯಿತು.

ಆ ಮ್ಯಾ ಎಂಬ ಕೂಗು ಗವಿಯವರೆಗೂ ಕೇಳಿಸಿತ್ತು. ಕರಾಳಕೇತು ಗಾಳಿಯ ಮೇಲೆ ಬಂದು ಬಯಲಿಗೆ ಇಳಿದ. ಸಿಟ್ಟಿಗೆ ಅವನ ಗಡ್ಡ ನಡುಗುತ್ತಿತ್ತು. ಸೂರ್ಯ ಗುಡ್ಡದಿಂದ ಎರಡು ಮಾರು ಮೇಲಿದ್ದ.

ಮೂರು ತೋಳಗಳೂ ಸೋತವು, ಸೂರ್ಯ ಮುಳುಗಿದೊಡನೆ ಕೊಟ್ಟ ಮಾತಿನಂತೆ ಮಗಳನ್ನು ಕೊಡು ಎಂದು ರಾಣಿ ಕೇಳಿದಳು.

"ಮಾತು ಕೊಟ್ಟದ್ದು ನಿಜ," ಎಂದ ಕರಾಳಕೇತು. "ಕೊಟ್ಟ ಮಾತಿಗೆ ತಪ್ಪುವುದು ನನಗೆ ಹೊಸದಲ್ಲ. ನನ್ನ ಪ್ರಾಣ ಇರುವವರೆಗೆ ನನ್ನ ಶಾಪ ಇರುತ್ತದೆ. ಪ್ರಾಣ ನನ್ನ ಮೈಯಲ್ಲಿಲ್ಲ, ಇದೇ ಬಯಲಿನಲ್ಲಿ, ಕಲ್ಲುಗಳ ನಡುವೆ ಕಲ್ಲಿನಂಥದೇ ಒಂದು ಮೊಟ್ಟೆಯಲ್ಲಿದೆ. ಸೂರ್ಯ ಮುಳುಗುವುದರೊಳಗೆ ಹುಡುಕಿಕೊಳ್ಳಿ. ಮುಳುಗಿದ ಮೇಲೆ ಇವಳು ಎಂದೆಂದಿಗೂ ಜಿಂಕೆ."

ಹೇಳಿದರೂ ಸಿಗುವುದಿಲ್ಲ ಎಂಬ ಸೊಕ್ಕಿನಿಂದ ಹೇಳಿದ. ಮಾಂತ್ರಿಕರು ಕೆಡುವುದು ವಿದ್ಯೆ ಸಾಲದೆ ಅಲ್ಲ, ಬಾಯಿ ಸುಮ್ಮನಿರದೆ. ಆದರೂ ಅವನ ಸೊಕ್ಕಿಗೆ ಕಾರಣವಿತ್ತು. ಅದು ಟಿಟ್ಟಿಭ ಹಕ್ಕಿಯ ಮೊಟ್ಟೆ; ಆ ಹಕ್ಕಿ ಬಯಲಲ್ಲೇ ಮೊಟ್ಟೆ ಇಡುತ್ತದೆ, ಗೂಡು ಕಟ್ಟುವುದಿಲ್ಲ. ಅದರ ಮೊಟ್ಟೆ ಪಕ್ಕದ ಕಲ್ಲಿಗೂ ತನಗೂ ವ್ಯತ್ಯಾಸ ತೋರಿಸುವುದಿಲ್ಲ. ಹೆಬ್ಬಯಲಿನಲ್ಲಿ ಕಲ್ಲುಗಳು ಎಷ್ಟೆಂದು ಯಾರಿಗೆ ಗೊತ್ತು.

ಸೈನಿಕರು ಮೊಣಕಾಲೂರಿ ಕಲ್ಲುಗಳನ್ನು ಎತ್ತಿ ಎತ್ತಿ ನೋಡತೊಡಗಿದರು. ಜಕ್ಕವ್ವ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದು ತನ್ನ ಇಡೀ ಮಂದೆಯನ್ನು ಬಯಲಿನ ಅಡ್ಡಕ್ಕೆ ಬಿಟ್ಟಳು. ನೂರಾರು ಕುರಿಗಳು ಕಲ್ಲು ತುಳಿಯುತ್ತ ನಡೆದವು. ಅವಳು ಕುರಿ ನೋಡಲಿಲ್ಲ, ನೆಲ ನೋಡಲಿಲ್ಲ. ಹುತ್ತದ ಮೇಲೆ ಹೊಂಚ ಕುಳಿತಿದ್ದಂತೆ ತಾನು ಒಂದು ಬಂಡೆಯ ಮೇಲೆ ಕುಳಿತು ಕರಾಳಕೇತುವಿನ ಕಣ್ಣನ್ನೇ ನೋಡಿದಳು. ತನ್ನ ಪ್ರಾಣವಿರುವ ಕಡೆಗೆ ಕುರಿ ಹೋದರೆ ಇವನ ಕಣ್ಣೂ ಅತ್ತ ಹೋಗಲೇಬೇಕು.

ಆದರೆ ಕರಾಳಕೇತು ಮೂರು ತೋಳಗಳನ್ನು ಪಳಗಿಸಿದವನು. ಅವನು ಪೂರ್ವ ನೋಡಿದ, ಪಶ್ಚಿಮ ನೋಡಿದ, ಕುರಿ ನೋಡಿದ, ಮೋಡ ನೋಡಿದ, ಜಕ್ಕವ್ವನನ್ನು ನೋಡಿ ನಕ್ಕ. ಅವನ ಕಣ್ಣು ಎಲ್ಲಿಯೂ ನಿಲ್ಲಲಿಲ್ಲ. ಸೂರ್ಯನ ಅಂಚು ಗುಡ್ಡಕ್ಕೆ ತಾಗಿತು.

ಜಕ್ಕವ್ವ ಬಂಡೆಯಿಂದ ಇಳಿದು ಬಂದು ರಾಣಿಯ ಮುಂದೆ ತಲೆ ತಗ್ಗಿಸಿದಳು. "ನನ್ನ ಕೈಲಿ ಆಗಲಿಲ್ಲ ತಾಯಿ. ಅಂವ ಎಲ್ಲಾ ಕಡೆ ನೋಡತಾನ, ಯಾವ ಕಡಿಗೂ ನೋಡಂಗಿಲ್ಲ."

ರಾಣಿ ಇಂದುಕಲೆ ಅದುವರೆಗೆ ಮಾಂತ್ರಿಕನನ್ನೇ ನೋಡುತ್ತ ನಿಂತಿದ್ದಳು. ಅವಳು ನಿಧಾನವಾಗಿ ಹೇಳಿದಳು, "ಎಲ್ಲ ಕಡೆ ಅಲ್ಲ ಜಕ್ಕವ್ವ. ಹುತ್ತದ ಕಡೆ ಅವನು ಒಂದು ಸಲವೂ ನೋಡಲಿಲ್ಲ. ಕಣ್ಣು ಅಲ್ಲಿಗೆ ಬಂದಾಗಲೆಲ್ಲ ಹಾರಿ ದಾಟುತ್ತದೆ. ಬಲಗಡೆಯ ಕತ್ತಿನ ನರ ನೋಡು, ಹೇಗೆ ಬಿಗಿದಿದೆ. ಮೂರು ದಿನ ನಾನು ಹಾಗೇ ಕುಳಿತಿದ್ದೆ."

ಹೇಳುತ್ತಲೇ ಅವಳು ಓಡಿದಳು. ಕಂಬಳಿ ಹಿಂದೆ ಬಿತ್ತು, ಅವಳು ನಿಲ್ಲಲಿಲ್ಲ. ಹುತ್ತದ ಬುಡದಲ್ಲಿ ಬೂದುಬಣ್ಣದ ಕಲ್ಲುಗಳ ಒಂದು ರಾಶಿಯೇ ಇತ್ತು. ಮೊಣಕಾಲೂರಿ ಒಂದೊಂದರ ಮೇಲೂ ಅಂಗೈ ಇಟ್ಟಳು. ತಣ್ಣಗೆ, ತಣ್ಣಗೆ, ತಣ್ಣಗೆ. ಒಂದು ಬೆಚ್ಚಗಿತ್ತು. ಆಗ ಕರಾಳಕೇತು ನೋಡಿದ. ತಡೆಯಲಾಗದೆ, ಎರಡೂ ಕಣ್ಣು ಬಿಟ್ಟು, ಮೂರು ದಿನ ರಾಣಿ ನೋಡಬಯಸಿದಂತೆಯೇ ನೋಡಿದ. ಬೇಡ ತಾಯಿ ಎಂದು ಕೈಮುಗಿದ.

ಸೂರ್ಯನ ಕೊನೆಯ ಎಳೆ ಗುಡ್ಡದ ಮೇಲಿತ್ತು. ರಾಣಿ ಮೊಟ್ಟೆಯನ್ನು ಕಲ್ಲಿಗೆ ಹೊಡೆದಳು.

ಮೊಟ್ಟೆಯೊಳಗಿಂದ ಒಂದು ಹಿಡಿ ಬೂದಿ ಬಂತು, ಗಾಳಿ ಅದನ್ನು ಹೊತ್ತುಕೊಂಡು ಹೋಯಿತು. ಕರಾಳಕೇತುವಿನ ಶಾಲು ಕುಸಿದು ಬಿತ್ತು. ಶಾಲಿನ ಕೆಳಗಿಂದ ಒಂದು ಮುದಿ ಹೋತ ಎದ್ದು ನಿಂತಿತು. ಅದೇ ಮೊಂಡು ಗಡ್ಡ, ಗಡ್ಡದಲ್ಲಿ ಅದೇ ಹುಲ್ಲುಕಡ್ಡಿ. ಆಗ ಎಲ್ಲರಿಗೂ ವಿಷಯ ತಿಳಿಯಿತು. ಯಾವುದೋ ಕಾಲದಲ್ಲಿ ಯಾರೋ ಸಿದ್ಧನ ಮಂತ್ರದ ತಾಳೆಗರಿಯನ್ನು ಒಂದು ಹೋತ ತಿಂದುಬಿಟ್ಟಿತ್ತು. ತಿಂದ ಮಂತ್ರದಿಂದ ಮನುಷ್ಯನಾಗಿ, ಮಾಂತ್ರಿಕನಾಗಿ, ತೋಳಗಳನ್ನೇ ಸಾಕಿಕೊಂಡು ಮೆರೆದಿತ್ತು. ಇಡೀ ರಾಜ್ಯಕ್ಕೆ ಗೊತ್ತಾಗದ ನಿಜವನ್ನು ಆರು ವರ್ಷದ ಹುಡುಗಿ ಮೊದಲ ನೋಟಕ್ಕೇ ಹೇಳಿದ್ದಳು. ಅದಕ್ಕೇ ಅವನಿಗೆ ಅಷ್ಟು ಉರಿದಿತ್ತು.

ರಾಜನ ತೋಳಿನಲ್ಲಿ ಕಿಂಕಿಣಿ ಇದ್ದಳು. ಕೂದಲಲ್ಲಿ ಹುಲ್ಲು, ಮೊಣಕಾಲಲ್ಲಿ ತರಚು ಗಾಯ, ಬಾಯಿ ತುಂಬ ನಗು. "ಅಪ್ಪಾ, ಇನ್ನೊಂದು ಸಲ ಗುದ್ದು," ಎಂದಳು. ರಾಜ ಇನ್ನೊಂದು ಸಲ ಗುದ್ದಿದ.

ರಾಜ ಜಕ್ಕವ್ವನಿಗೆ ಅರ್ಧ ರಾಜ್ಯ ಕೊಡುತ್ತೇನೆ ಎಂದ. ಕುರಿ ಮೇಯಿಸೋದು ಬಿಟ್ಟು ರಾಜ್ಯ ಯಾರು ಕಾಯತಾರ ಎಂದು ಅವಳು ಒಪ್ಪಲಿಲ್ಲ. ಜಿಂಕೆ ಮರಿ ಹಾಕುವ ತಿಂಗಳಲ್ಲಿ ಹೆಬ್ಬಯಲಿಗೆ ಕಾವಲು ಹಾಕಬಾರದು, ತೋಳಗಳನ್ನು ಕೊಲ್ಲಬಾರದು, ಇವೆರಡನ್ನೇ ಕೇಳಿದಳು. ಮಾಂತ್ರಿಕನಿಂದ ಬಿಡುಗಡೆಯಾದ ಮೂರೂ ತೋಳಗಳು ಅಲ್ಲೇ ಉಳಿದವು. ಅವು ಜಿಂಕೆ ಹಿಡಿಯುವುದನ್ನು ಬಿಟ್ಟವೇ ಎಂದರೆ, ಇಲ್ಲ, ಹುಲ್ಲು ತಿಂದು ಬದುಕುವ ತೋಳ ಯಾವ ಕತೆಯಲ್ಲೂ ಇಲ್ಲ. ಒಮ್ಮೊಮ್ಮೆ ಹಿಡಿದವು, ಬಹಳ ಸಲ ತಪ್ಪಿಸಿಕೊಂಡ ಜಿಂಕೆಯನ್ನು ನೋಡುತ್ತ ಕುಳಿತವು. ಆ ಲೆಕ್ಕದಲ್ಲಿ ತೋಳ, ಜಿಂಕೆ ಇಬ್ಬರೂ ಚೆನ್ನಾಗಿಯೇ ಬಾಳಿದರು. ಮುದಿ ಹೋತ ಜಕ್ಕವ್ವನ ಮಂದೆ ಸೇರಿತು, ಗದರಿದರೆ ಮಾತು ಕೇಳುತ್ತಿತ್ತು, ಆದರೆ ಪುಸ್ತಕ ಕಂಡಲ್ಲಿ ಅದನ್ನು ಬಿಡುತ್ತಿರಲಿಲ್ಲ. ದರ್ಭಾವತಿಯ ಸಭೆಯಲ್ಲಿ ಅಪ್ಪಣೆ ಕೇಳದೆ ಸೀನುವ ಕಾಲ ಬಂತು. ಎಲ್ಲರೂ ಉಂಡರು, ನಕ್ಕರು, ನೂರು ಕಾಲ ಸುಖವಾಗಿದ್ದರು.

ಆ ಸಂಜೆಯದೊಂದು ಮಾತು ಉಳಿದಿದೆ. ಎಲ್ಲರೂ ಕೋಟೆಗೆ ಹೊರಟ ಮೇಲೂ ರಾಣಿ ಇಂದುಕಲೆ ಹುತ್ತದ ಬುಡದಲ್ಲೇ ಕುಳಿತಿದ್ದಳು, ಕಿಂಕಿಣಿ ಓಡಿಬಂದು ಮುಂದೆ ನಿಂತಳು. ರಾಣಿ ಅಭ್ಯಾಸಬಲದಿಂದ ಎಡಗಡೆಯ ಗುಡ್ಡದ ಕಡೆ ಮುಖ ತಿರುಗಿಸಿದಳು. ಮಗಳು ತನ್ನ ಎರಡೂ ಪುಟ್ಟ ಕೈಯಿಂದ ತಾಯಿಯ ಗಲ್ಲ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ರಾಣಿ ನೋಡಿದಳು. ಬೆಳಕಿರುವವರೆಗೂ ನೋಡಿದಳು.